ಗೆದ್ದರೆ ನಮ್ಮವನು, ಸೋತರೆ ಹೊರಗಿನವನು

ಒಬ್ಬ ಫುಟ್‌ಬಾಲ್ ಆಟಗಾರ ಯಾವ ದೇಶದವನು? ಈ ಪ್ರಶ್ನೆಗೆ ಫಿಫಾ ಹತ್ತಿರ ಸ್ಪಷ್ಟ ಉತ್ತರ ಇದೆ. ಆ ದೇಶದ ಪೌರತ್ವ ಇರಬೇಕು. ಪೌರತ್ವ ಆಮೇಲೆ ಪಡೆದದ್ದಾದರೆ ತಾನೋ, ಅಪ್ಪ-ಅಮ್ಮನೋ, ಅಜ್ಜ-ಅಜ್ಜಿಯೋ ಅಲ್ಲಿ ಹುಟ್ಟಿರಬೇಕು, ಇಲ್ಲಾಂದ್ರೆ ಕೆಲವು ವರ್ಷ ಅಲ್ಲಿ ವಾಸ ಮಾಡಿರಬೇಕು. ಕಾಗದ ಸರಿ ಇದ್ದರೆ ಮೈದಾನಕ್ಕೆ ಇಳಿಯಬಹುದು. 2010ರ ವಿಶ್ವಕಪ್‌ನಲ್ಲಿ ಬೋವಾಟೆಂಗ್ ಅಣ್ಣತಮ್ಮಂದಿರು ಎದುರುಬದುರು ಆಡಿದರು. ತಂದೆ ಒಬ್ಬರೇ, ತಾಯಂದಿರು ಬೇರೆ, ಇಬ್ಬರೂ ಹುಟ್ಟಿದ್ದು ಬರ್ಲಿನ್‌ನಲ್ಲಿ. ಜೆರೋಮ್ ಜರ್ಮನಿಗೆ ಆಡಿದ, ಕೆವಿನ್-ಪ್ರಿನ್ಸ್ ಘಾನಾಗೆ ಆಡಿದ. ನಿಯಮದ ಪ್ರಕಾರ ಎರಡೂ ಸರಿ.

ಆದರೆ ನೋಡೋ ಜನರ ಹತ್ತಿರ ಇನ್ನೊಂದು ನಿಯಮ ಇರುತ್ತೆ. ಅದನ್ನ ಯಾರೂ ಎಲ್ಲೂ ಬರೆದಿಟ್ಟಿಲ್ಲ. ಗೆದ್ದ ದಿನ ಅದು ಕಾಣೋದೂ ಇಲ್ಲ, ಸೋತ ದಿನ ಮಾತ್ರ ಹೊರಗೆ ಬರುತ್ತೆ. ಆಗ "ಇದು ಜನಾಂಗೀಯ ನಿಂದನೆ" ಅಂತ ಒಬ್ಬರು, "ಇಲ್ಲಪ್ಪ, ಇದು ಬರೀ ಟೀಕೆ" ಅಂತ ಇನ್ನೊಬ್ಬರು. ಎರಡನ್ನೂ ಬೇರೆ ಮಾಡೋದು ಹೇಗೆ? ಲ್ಯಾಬ್‌ನಲ್ಲಿ ನಾವೆಲ್ಲ ಕಲಿತ ಒಂದು ವಿಧಾನ ಇಲ್ಲಿ ಕೆಲಸಕ್ಕೆ ಬರುತ್ತೆ. ಉಳಿದದ್ದನ್ನೆಲ್ಲ ಹಾಗೇ ಇಟ್ಟು ಒಂದೇ ವೇರಿಯಬಲ್ ಬದಲಿಸೋದು, ಫಲಿತಾಂಶ ಬದಲಾಗುತ್ತಾ ಅಂತ ನೋಡೋದು. ಈ ವಿಧಾನ ಇಟ್ಟುಕೊಂಡು ಕೆಲವು ಪ್ರಕರಣಗಳನ್ನ ನೋಡೋಣ.

ಓಝಿಲ್: ಒಂದು ಫೋಟೊ, ಒಂದು ಸೋಲು

1961ರಲ್ಲಿ ಪಶ್ಚಿಮ ಜರ್ಮನಿ ಟರ್ಕಿ ಜೊತೆ ಒಪ್ಪಂದ ಮಾಡಿಕೊಂಡು ಕಾರ್ಮಿಕರನ್ನ ಕರೆಸಿಕೊಳ್ಳೋಕೆ ಶುರು ಮಾಡಿತು. ಅವರಿಗೆ ಇಟ್ಟ ಹೆಸರು 'ಅತಿಥಿ ಕಾರ್ಮಿಕರು'. ಅತಿಥಿ ಅಂದ್ರೆ ಒಂದು ದಿನ ಹೊರಡಬೇಕಾದವರು ಅಂತ ತಾನೆ? ತುಂಬಾ ಜನ ಹೊರಡಲಿಲ್ಲ. ಅಲ್ಲೇ ಸಂಸಾರ ಕಟ್ಟಿದರು. ಅಂಥ ಒಂದು ಕುಟುಂಬದ ಮೂರನೇ ತಲೆಮಾರಿನ ಹುಡುಗ ಮೆಸುಟ್ ಓಝಿಲ್. ಹುಟ್ಟಿದ್ದು 1988ರಲ್ಲಿ, ಗೆಲ್ಸೆನ್‌ಕಿರ್ಷೆನ್ ಅನ್ನೋ ಕಲ್ಲಿದ್ದಲು ಗಣಿಗಳ ಊರಲ್ಲಿ.

ಟರ್ಕಿಗೆ ಆಡೋ ಅವಕಾಶ ಇದ್ದರೂ ಓಝಿಲ್ ಜರ್ಮನಿಯನ್ನ ಆರಿಸಿಕೊಂಡರು. 2010ರ ವಿಶ್ವಕಪ್‌ನ ಆ ಘಾನಾ ಪಂದ್ಯದಲ್ಲಿ ಜರ್ಮನಿ ಗೆದ್ದದ್ದು ಇವರ ಒಂದೇ ಗೋಲಿಂದ. ಅದೇ ವರ್ಷ ಜರ್ಮನಿಯ ಬಾಂಬಿ ಪ್ರಶಸ್ತಿ ಇವರಿಗೆ ಬಂತು. ಯಾವ ವಿಭಾಗದಲ್ಲಿ ಗೊತ್ತಾ? ಸಮಾಜದಲ್ಲಿ ಬೆರೆತುಕೊಂಡದ್ದಕ್ಕೆ. ಹುಟ್ಟಿದ ಊರಲ್ಲೇ ಬೆಳೆದವನಿಗೆ, 'ಚೆನ್ನಾಗಿ ಹೊಂದಿಕೊಂಡಿದ್ದೀಯ' ಅಂತ ಬಹುಮಾನ. ಹೊಗಳಿಕೆಯೇ, ಅನುಮಾನ ಇಲ್ಲ. ಆದರೆ ಅತಿಥಿಗೆ ಮಾಡೋ ಹೊಗಳಿಕೆ. 2014ರಲ್ಲಿ ಜರ್ಮನಿ ವಿಶ್ವಕಪ್ ಗೆದ್ದಾಗ ಓಝಿಲ್ ಆ ತಂಡದಲ್ಲಿದ್ದರು.

2018ರ ಮೇ ತಿಂಗಳಲ್ಲಿ ಲಂಡನ್‌ನಲ್ಲಿ ಓಝಿಲ್ ಮತ್ತು ಇಲ್ಕಾಯ್ ಗುಂಡೋಗನ್ ಟರ್ಕಿ ಅಧ್ಯಕ್ಷ ಎರ್ಡೊಆನ್ ಜೊತೆ ಫೋಟೊ ತೆಗೆಸಿಕೊಂಡರು. ಮುಂದಿನ ತಿಂಗಳೇ ಟರ್ಕಿಯಲ್ಲಿ ಚುನಾವಣೆ. ಪತ್ರಕರ್ತರನ್ನ ಜೈಲಿಗೆ ಹಾಕಿದ ಸರ್ಕಾರದ ಮುಖ್ಯಸ್ಥನ ಪಕ್ಕ ನಿಂತು ನಗೋದು ಸರಿಯಾ ಅನ್ನೋ ಪ್ರಶ್ನೆ ಎದ್ದಿತು. ಇದು ನ್ಯಾಯವಾದ ಪ್ರಶ್ನೆ. ಇದನ್ನ ಜನಾಂಗೀಯತೆ ಅಂತ ತಳ್ಳಿಹಾಕೋಕೆ ಆಗಲ್ಲ.

ಜೂನ್ 27ರಂದು ಜರ್ಮನಿ ದಕ್ಷಿಣ ಕೊರಿಯಾಗೆ 2-0ಯಿಂದ ಸೋತು ಗುಂಪಿನ ಕೊನೇ ಸ್ಥಾನಕ್ಕೆ ಬಿತ್ತು. 1938ರ ನಂತರ ಮೊದಲ ಸಲ ಮೊದಲ ಸುತ್ತಲ್ಲೇ ಮನೆಗೆ ಹೋಯಿತು. ಆಗ ಫೋಟೊದ ಪ್ರಶ್ನೆ ಬೇರೆಯೇ ರೂಪ ಪಡೆಯಿತು. ಸೋಲಿಗೂ ಫೋಟೊಗೂ ಗಂಟು ಬಿತ್ತು. ಜುಲೈ 22ರಂದು ಓಝಿಲ್ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದರು. ಜರ್ಮನ್ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರ ಕಣ್ಣಲ್ಲಿ ಗೆದ್ದಾಗ ತಾನು ಜರ್ಮನ್, ಸೋತಾಗ ವಲಸಿಗ ಅನ್ನೋದು ಅವರ ಆರೋಪದ ಸಾರ. ಸಂಸ್ಥೆ ಜನಾಂಗೀಯತೆಯ ಆರೋಪವನ್ನ ತಳ್ಳಿಹಾಕಿತು.

ಆ ಹೇಳಿಕೆಯಲ್ಲಿ ಓಝಿಲ್ ಮಾಡಿದ್ದು ಒಂದು ರೀತಿ ವೇರಿಯಬಲ್ ಬದಲಿಸೋ ಪ್ರಯೋಗವೇ. ಕ್ಲೋಸೆ, ಪೊಡೊಲ್‌ಸ್ಕಿ ಇಬ್ಬರನ್ನೂ ಯಾರೂ 'ಜರ್ಮನ್-ಪೋಲಿಷ್' ಅನ್ನಲ್ಲ, ನಾನ್ಯಾಕೆ 'ಜರ್ಮನ್-ಟರ್ಕಿಷ್' ಅಂತ ಕೇಳಿದರು. ಅವರಿಬ್ಬರೂ ಹುಟ್ಟಿದ್ದೇ ಪೋಲೆಂಡ್‌ನಲ್ಲಿ. ಓಝಿಲ್ ಹುಟ್ಟಿದ್ದು ಜರ್ಮನಿಯಲ್ಲಿ. ಹುಟ್ಟಿದ ಜಾಗ ಲೆಕ್ಕಕ್ಕೆ ಬರೋದಾದರೆ ಅಡ್ಡಗೆರೆ ಬೀಳಬೇಕಿದ್ದು ಅವರ ಹೆಸರಿಗೆ. ಬಿದ್ದದ್ದು ಇವರಿಗೆ. ಹಾಗಾದರೆ ಅಡ್ಡಗೆರೆ ಎಳೆಯೋ ವೇರಿಯಬಲ್ ಹುಟ್ಟಿದ ಜಾಗ ಅಲ್ಲ, ಬೇರೇನೋ.

ಇನ್ನೊಂದು ಹೋಲಿಕೆಯನ್ನೂ ಕೊಟ್ಟರು. ಜರ್ಮನಿಯ ಮಾಜಿ ನಾಯಕ ಲೋಥರ್ ಮಥೇಯಸ್ ಆಗಷ್ಟೇ ರಷ್ಯಾ ಅಧ್ಯಕ್ಷ ಪುಟಿನ್ ಅವರನ್ನ ಭೇಟಿಯಾಗಿದ್ದರು, ಅಂಥ ಗದ್ದಲ ಆಗಿರಲಿಲ್ಲ. ಈ ಹೋಲಿಕೆ ಸ್ವಲ್ಪ ಸಡಿಲ. ಮಥೇಯಸ್ ನಿವೃತ್ತರು, ಓಝಿಲ್ ಆಡುತ್ತಿದ್ದವರು. ಪುಟಿನ್ ಆಗ ವಿಶ್ವಕಪ್‌ನ ಆತಿಥೇಯ, ಎರ್ಡೊಆನ್ ಚುನಾವಣಾ ಅಭ್ಯರ್ಥಿ. ಒಂದಕ್ಕಿಂತ ಹೆಚ್ಚು ವೇರಿಯಬಲ್ ಬದಲಾಗಿದೆ, ಹಾಗಾಗಿ ಇದರಿಂದ ಗಟ್ಟಿ ತೀರ್ಮಾನ ಬರಲ್ಲ. ಮೊದಲನೆಯದು ಮಾತ್ರ ಗಟ್ಟಿ ಹೋಲಿಕೆ.

ಒಂದೇ ಪೆನಾಲ್ಟಿ ಶೂಟೌಟ್, ಎರಡು ಫಲಿತಾಂಶ

2021ರ ಜುಲೈ 11, ವೆಂಬ್ಲಿ, ಯೂರೊ ಫೈನಲ್. ಇಂಗ್ಲೆಂಡ್-ಇಟಲಿ 1-1. ಶೂಟೌಟ್‌ನಲ್ಲಿ ಇಟಲಿ 3-2ರಿಂದ ಗೆದ್ದಿತು. ಇಂಗ್ಲೆಂಡ್ ಪರ ತಪ್ಪಿಸಿದವರು ರ‍್ಯಾಶ್‌ಫರ್ಡ್, ಸ್ಯಾಂಚೊ ಮತ್ತು 19 ವರ್ಷದ ಸಾಕಾ. ಮೂವರೂ ಕಪ್ಪು ಆಟಗಾರರು. ಆ ರಾತ್ರಿಯೇ ಅವರ ಇನ್‌ಸ್ಟಾಗ್ರಾಮ್ ಪುಟಗಳಿಗೆ ಕೋತಿ ಇಮೋಜಿಗಳು, ಬೈಗುಳ ಬಂದು ಬಿದ್ದವು. ಅದೇ ಟೂರ್ನಿಯಲ್ಲಿ ಇಂಗ್ಲೆಂಡ್ ಆಟಗಾರರು ಜನಾಂಗೀಯತೆ ವಿರುದ್ಧ ಮಂಡಿ ಊರಿದಾಗ ಅವರದ್ದೇ ದೇಶದ ಕೆಲವು ಪ್ರೇಕ್ಷಕರು ಕೂಗಾಡಿ ಅಣಕಿಸಿದ್ದರು. ಅವತ್ತು ಮಂಡಿ ಊರೋದು ಯಾಕೆ ಅಂತ ಕೇಳಿದವರಿಗೆ ಫೈನಲ್ ರಾತ್ರಿ ಉತ್ತರ ಸಿಕ್ಕಿತು.

ಈಗ ಆಚೆ ಕಡೆ ನೋಡಿ. ಇಟಲಿ ಪರವೂ ಇಬ್ಬರು ತಪ್ಪಿಸಿದರು: ಬೆಲೊಟ್ಟಿ ಮತ್ತು ಜಾರ್ಜಿನೊ. ಜಾರ್ಜಿನೊ ಹುಟ್ಟಿದ್ದು ಬ್ರೆಜಿಲ್‌ನಲ್ಲಿ. ಆದರೆ ಕಪ್ ಇಟಲಿಗೆ ಬಂತು, ಅವನು ಎಲ್ಲಿಯವನು ಅನ್ನೋ ಪ್ರಶ್ನೆ ಅವತ್ತು ಏಳೋಕೇ ಜಾಗ ಇರಲಿಲ್ಲ. ಸಾಕಾ ಹುಟ್ಟಿದ್ದು ಲಂಡನ್‌ನಲ್ಲೇ. "ಸಾಕಾಗೆ ಅನುಭವ ಕಡಿಮೆ, ಐದನೇ ಪೆನಾಲ್ಟಿ ಕೊಡಬಾರದಿತ್ತು" ಅಂದರೆ ಅದು ಟೀಕೆ. ಆ ಮಾತಲ್ಲಿ ಯಾವ ಹುಡುಗನ ಹೆಸರು ಹಾಕಿದರೂ ಅರ್ಥ ಉಳಿಯುತ್ತೆ. ಕೋತಿ ಇಮೋಜಿಯಲ್ಲಿ ಹಾಗೆ ಹೆಸರು ಬದಲಿಸೋಕೆ ಆಗಲ್ಲ. ಅದು ಪೆನಾಲ್ಟಿ ಬಗ್ಗೆ ಏನೂ ಹೇಳ್ತಾ ಇಲ್ಲ.

ಹಿಜಾಬ್: ಡಿಸೈನ್ ಪ್ರಶ್ನೆ ಮತ್ತು ಅದರಾಚೆ

ಬಣ್ಣ, ಮೂಲದ ಜೊತೆಗೆ ಧರ್ಮವೂ ಈ ಪರೀಕ್ಷೆಗೆ ಒಳಗಾಗುತ್ತೆ. ಆಟದ 4ನೇ ನಿಯಮದ ಪ್ರಕಾರ ಉಡುಪಿನ ಮೇಲೆ ರಾಜಕೀಯ, ಧಾರ್ಮಿಕ ಅಥವಾ ವೈಯಕ್ತಿಕ ಘೋಷಣೆ ಇರಬಾರದು. ಆದರೆ ಗೋಲ್ ಹೊಡೆದ ಮೇಲೆ ಶಿಲುಬೆ ಗುರುತು ಮಾಡಿಕೊಳ್ಳೋದಕ್ಕೆ ಅಡ್ಡಿ ಇಲ್ಲ, ಹಣೆ ನೆಲಕ್ಕೆ ಹಚ್ಚಿ ಸಜ್ದಾ ಮಾಡೋದಕ್ಕೂ ಇಲ್ಲ. 2022ರಲ್ಲಿ ಮೊರಾಕೊ ತಂಡ ಸ್ಪೇನ್ ವಿರುದ್ಧ ಗೆದ್ದು ಸಜ್ದಾ ಮಾಡಿದ್ದನ್ನ ಎಲ್ಲರೂ ನೋಡಿದ್ದೇವೆ.

ತಲೆವಸ್ತ್ರದ ವಿಷಯ ಕಗ್ಗಂಟಾಯಿತು. 2011ರ ಜೂನ್‌ನಲ್ಲಿ ಇರಾನ್ ಮಹಿಳಾ ತಂಡ ಒಲಿಂಪಿಕ್ಸ್ ಅರ್ಹತಾ ಪಂದ್ಯಕ್ಕೆ ಅಮ್ಮಾನ್‌ಗೆ ಬಂದಿತ್ತು. ಹಿಜಾಬ್ ಇದೆ ಅಂತ ಆಡಗೊಡಲಿಲ್ಲ. ಮುಖ್ಯವಾಗಿ ಕೊಟ್ಟ ಕಾರಣ ಸುರಕ್ಷತೆ: ಬಟ್ಟೆ ಸಿಕ್ಕಿಕೊಂಡರೆ ಕುತ್ತಿಗೆಗೆ ಅಪಾಯ. ಇದು ನಿಜವಾದ ಎಂಜಿನಿಯರಿಂಗ್ ಪ್ರಶ್ನೆ, ಅದಕ್ಕೆ ಉತ್ತರವೂ ಎಂಜಿನಿಯರಿಂಗ್‌ನಲ್ಲೇ ಸಿಕ್ಕಿತು. ಎಳೆದರೆ ತಟ್ಟನೆ ಬಿಟ್ಟುಕೊಳ್ಳೋ ಹಾಗೆ ವೆಲ್ಕ್ರೊ, ಅಯಸ್ಕಾಂತ ಬಳಸಿದ ಮಾದರಿಗಳು ಬಂದವು. 2012ರಲ್ಲಿ ಪ್ರಾಯೋಗಿಕವಾಗಿ ಒಪ್ಪಿಗೆ ಸಿಕ್ಕಿತು. 2014ರಲ್ಲಿ ಹೆಂಗಸರು, ಗಂಡಸರು ಇಬ್ಬರಿಗೂ ತಲೆವಸ್ತ್ರಕ್ಕೆ ಪೂರ್ತಿ ಅನುಮತಿ ಬಂತು, ಸಿಖ್ಖರ ಪೇಟವೂ ಅದರಲ್ಲಿ ಸೇರಿತು. 2023ರ ಜುಲೈ 30ರಂದು ಮೊರಾಕೊದ ನುಹೈಲಾ ಬೆಂಜಿನಾ ಮಹಿಳಾ ವಿಶ್ವಕಪ್‌ನಲ್ಲಿ ಹಿಜಾಬ್ ಧರಿಸಿ ಆಡಿದ ಮೊದಲ ಆಟಗಾರ್ತಿ ಆದರು.

ಡಿಸೈನ್ ಬದಲಾದ ಮೇಲೆ ಆಕ್ಷೇಪ ಹೋದರೆ, ಆಕ್ಷೇಪ ನಿಜಕ್ಕೂ ಸುರಕ್ಷತೆಯದ್ದು. ಹೋಗದಿದ್ದರೆ ಅದು ಬೇರೆ ಪ್ರಶ್ನೆ. ಫ್ರಾನ್ಸ್‌ನಲ್ಲಿ ಹೋಗಲಿಲ್ಲ. ಅಲ್ಲಿನ ಫುಟ್‌ಬಾಲ್ ಸಂಸ್ಥೆ ತನ್ನ ಪಂದ್ಯಗಳಲ್ಲಿ ಧರ್ಮ ಸೂಚಿಸುವ ಚಿಹ್ನೆಗಳನ್ನ ನಿಷೇಧಿಸಿದೆ. ಬೆಂಜಿನಾ ಆಡೋಕೆ ಒಂದು ತಿಂಗಳು ಮುಂಚೆ, 2023ರ ಜೂನ್ 29ರಂದು, ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ಆ ನಿಷೇಧವನ್ನ ಎತ್ತಿಹಿಡಿಯಿತು. ಫ್ರಾನ್ಸ್ ಇದನ್ನ ತಟಸ್ಥತೆ ಅನ್ನುತ್ತೆ, ಎಲ್ಲ ಧರ್ಮಕ್ಕೂ ಒಂದೇ ಅನ್ನುತ್ತೆ. ಅದರ ಹಿಂದೆ ಚರ್ಚನ್ನೂ ಸರ್ಕಾರವನ್ನೂ ಬೇರ್ಪಡಿಸಿದ ಹಳೇ ಇತಿಹಾಸ ಇದೆ. ಆದರೆ ಕೊರಳಿನ ಶಿಲುಬೆಯನ್ನ ಆಟಕ್ಕೆ ಮುಂಚೆ ತೆಗೆದಿಡಬಹುದು, ಒಡವೆ ಹೇಗಿದ್ದರೂ ತೆಗೀಲೇಬೇಕು. ತಲೆವಸ್ತ್ರ ತೆಗೀ ಅಂದರೆ ಒಬ್ಬ ಹುಡುಗಿಗೆ ಅದು ಆಟ ಬಿಡು ಅಂದ ಹಾಗೆ. ನಿಯಮದ ಮಾತು ಒಂದೇ ಇದ್ದರೂ ಅದರ ಭಾರ ಎಲ್ಲರ ಮೇಲೂ ಒಂದೇ ಥರ ಬೀಳಲ್ಲ. ತಟಸ್ಥತೆಯ ಬಗ್ಗೆ ಯಾವ ನಿಲುವು ತಗೊಂಡರೂ ಈ ಲೆಕ್ಕವನ್ನ ಬಿಟ್ಟು ತಗೊಳ್ಳೋಕೆ ಆಗಲ್ಲ.

ಮತ್ತೆ ಜರ್ಮನಿ, ಆರು ವರ್ಷದ ಮೇಲೆ

2024ರ ಮಾರ್ಚ್‌ನಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಆಂಟೋನಿಯೊ ರೂಡಿಗರ್ ರಂಜಾನ್ ಶುಭಾಶಯದ ಫೋಟೊ ಹಾಕಿದರು, ತೋರುಬೆರಳು ಮೇಲೆತ್ತಿ. ದೇವರೊಬ್ಬನೇ ಅನ್ನೋ ನಂಬಿಕೆಯ ಸನ್ನೆ ಅದು. ಉಗ್ರ ಸಂಘಟನೆಗಳೂ ಆ ಸನ್ನೆಯನ್ನ ಬಳಸಿವೆ, ಹಾಗಾಗಿ ಒಬ್ಬ ಪತ್ರಕರ್ತ ರೂಡಿಗರ್‌ಗೆ ಉಗ್ರವಾದದ ಹಣೆಪಟ್ಟಿ ಹಚ್ಚಿದರು. ಈ ಸಲ ಫುಟ್‌ಬಾಲ್ ಸಂಸ್ಥೆ ಆಟಗಾರನ ಪರ ನಿಂತು ದೂರು ಕೊಟ್ಟಿತು. ಅದೇ ವರ್ಷ ತವರಲ್ಲಿ ನಡೆದ ಯೂರೊದಲ್ಲಿ ಜರ್ಮನಿಯ ನಾಯಕ ಯಾರು? 2018ರ ಆ ಫೋಟೊದಲ್ಲಿ ಓಝಿಲ್ ಜೊತೆ ಇದ್ದ ಗುಂಡೋಗನ್. ಎಲ್ಲ ಸರಿಹೋಯ್ತು ಅನ್ನೋ ಹಾಗೂ ಇಲ್ಲ. ಟೂರ್ನಿಗೆ ಮುಂಚೆ ಒಂದು ಟಿವಿ ವಾಹಿನಿ ಮಾಡಿಸಿದ ಸಮೀಕ್ಷೆಯಲ್ಲಿ ತಂಡದಲ್ಲಿ ಇನ್ನಷ್ಟು ಬಿಳಿ ಆಟಗಾರರು ಇರಬೇಕಿತ್ತು ಅಂದವರು ಶೇ 21. ಕೋಚ್ ನಾಗೆಲ್ಸ್‌ಮನ್ ಆ ಪ್ರಶ್ನೆಯನ್ನೇ ಜನಾಂಗೀಯ ಅಂದರು.

ಇನ್ನು ಓಝಿಲ್? 2019ರಲ್ಲಿ ಅವರ ಮದುವೆಗೆ ಎರ್ಡೊಆನ್ ಸಾಕ್ಷಿಯಾಗಿ ನಿಂತರು. ಮುಂದೆ ಎರ್ಡೊಆನ್ ಪಕ್ಷದಲ್ಲೇ ಓಝಿಲ್ ಸ್ಥಾನ ಪಡೆದರು. "ನೋಡಿ, ಅವನು ಮೊದಲಿಂದಲೂ ಹಾಗೇ" ಅನ್ನೋರು ಇದ್ದಾರೆ. ಅವರ ರಾಜಕೀಯ ನಮಗೂ ಹಿಡಿಸದೇ ಇರಬಹುದು, ಅದನ್ನ ಕಟುವಾಗಿ ಟೀಕಿಸಬಹುದು. ಆದರೆ ಕೆಟ್ಟ ರಾಜಕೀಯ ಮಾಡಿದ ಬಿಳಿ ಜರ್ಮನ್‌ನನ್ನ ಯಾರೂ 'ನೀನು ಜರ್ಮನ್ನೇ ಅಲ್ಲ' ಅನ್ನಲ್ಲ, ಕೆಟ್ಟ ಜರ್ಮನ್ ಅಂತಾರೆ ಅಷ್ಟೇ. ಆ ಹಕ್ಕು, ಅಂದರೆ ತಪ್ಪು ಮಾಡಿಯೂ ಮನೆಯವನಾಗೇ ಉಳಿಯೋ ಹಕ್ಕು, ಎಲ್ಲರಿಗೂ ಸಮ ಇರಬೇಕು. ಪೌರತ್ವ ಒಳ್ಳೇ ನಡತೆಗೆ ಕೊಡೋ ಸರ್ಟಿಫಿಕೇಟ್ ಅಲ್ಲ.

ಇದು ಯೂರೋಪಿನ ಕಾಯಿಲೆ ಅಂದುಕೊಂಡು ಸುಮ್ಮನಾಗೋ ಹಾಗಿಲ್ಲ. ಸಾಕಾ ಘಟನೆ ಆಗಿ ಮೂರೇ ತಿಂಗಳಿಗೆ, 2021ರ ಅಕ್ಟೋಬರ್‌ನಲ್ಲಿ, ಟಿ20 ವಿಶ್ವಕಪ್‌ನಲ್ಲಿ ಭಾರತ ಪಾಕಿಸ್ತಾನಕ್ಕೆ ಸೋತಿತು. ಮೊಹಮ್ಮದ್ ಶಮಿಗೆ ಅವರ ಧರ್ಮ ಹಿಡಿದು ಆನ್‌ಲೈನ್‌ನಲ್ಲಿ ಬೈದರು. ಅವತ್ತು ಭಾರತ 10 ವಿಕೆಟ್‌ನಿಂದ ಸೋತಿತ್ತು, ಅಂದರೆ ಯಾವ ಬೌಲರ್‌ಗೂ ಒಂದೂ ವಿಕೆಟ್ ಸಿಕ್ಕಿರಲಿಲ್ಲ. ಇಲ್ಲಿ ಬದಲಾದ ವೇರಿಯಬಲ್ ಯಾವುದು ಅಂತ ಬಿಡಿಸಿ ಹೇಳಬೇಕಾ?

ಮುಂದಿನ ಸಲ ಹಾಸ್ಟೆಲ್ ಟಿವಿ ರೂಮಲ್ಲಿ ನಾವು ಬೆಂಬಲಿಸೋ ತಂಡ ಸೋತಾಗ, ಬಾಯಿಗೆ ಬಂದ ಮಾತಲ್ಲಿ ಆಟಗಾರನ ಹೆಸರು ಬದಲಿಸಿ ನೋಡೋಣ. ಹೆಸರು ಬದಲಿಸಿದರೂ ಮಾತು ನಿಂತರೆ ಧಾರಾಳವಾಗಿ ಬೈಯೋಣ, ಆಟ ಇರೋದೇ ಅದಕ್ಕೆ. ನಿಲ್ಲದಿದ್ದರೆ ಆ ಮಾತು ಆಟದ ಬಗ್ಗೆ ಅಲ್ಲ. ಪಕ್ಕದ ಕುರ್ಚಿಯಲ್ಲಿ ಅದೇ ಮೂಲದ, ಅದೇ ಧರ್ಮದ ಒಬ್ಬ ಕ್ಲಾಸ್‌ಮೇಟ್ ಕೂತು ಕೇಳಿಸಿಕೊಳ್ತಾ ಇರಬಹುದು.