ನಮ್ಮ ಪಹಣಿ ಇರುವ ಕಂಪ್ಯೂಟರ್ ಯಾರದು?



ಸೊಕ್ಕೆ ಕಡೆಯ ಸಂಘಗಳ ವಾರದ ಸಭೆಗೆ ಹೋದಾಗ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. "ಸರ್ವರ್ ಇಲ್ಲ ಅಂದ್ರು ಮೇಡಂ, ವಾಪಸ್ ಬಂದ್ವಿ." ಸರ್ವರ್ ಅಂದ್ರೆ ಯಾರೋ ಸಾಹೇಬ್ರು, ಅವತ್ತು ರಜೆ ಹಾಕಿದ್ರು ಅನ್ನೋ ಹಾಗೆ ನಾವು ಮಾತಾಡ್ತೀವಿ. ಕೂಲಿ ಬಿಟ್ಟು ಹೋಗಿ ಬರಿಗೈಲಿ ಬರ್ತೀವಿ. ಮಳೆ ಬರಲಿಲ್ಲ ಅಂದ ಹಾಗೆ ಸುಮ್ಮನಾಗ್ತೀವಿ.

ಸರ್ವರ್ ಅಂದ್ರೆ ದೂರದಲ್ಲಿರುವ ಒಂದು ದೊಡ್ಡ ಕಂಪ್ಯೂಟರ್. ನಮ್ಮ ಪಹಣಿ, ರೇಷನ್ ಕಾರ್ಡು, ಜಾತಿ-ಆದಾಯ ಪ್ರಮಾಣಪತ್ರ ಎಲ್ಲವನ್ನೂ ಅಂಥ ಕಂಪ್ಯೂಟರ್‌ಗಳಲ್ಲಿ ಇಟ್ಟಿರುತ್ತಾರೆ. ಮಳೆಯ ಹಾಗೆ ಅದು ತಾನಾಗಿ ಬಂದದ್ದಲ್ಲ. ಅದನ್ನು ತಂದದ್ದು ಸರ್ಕಾರ. ಯಾರು ತಯಾರಿಸಬೇಕು, ಯಾರು ನಡೆಸಬೇಕು, ಎಷ್ಟು ಫೀಸು, ಯಾರ ಹೆಸರು ಒಳಗೆ, ಯಾರ ಹೆಸರು ಹೊರಗೆ ಎಂದು ತೀರ್ಮಾನ ಮಾಡಿದವರು ಮನುಷ್ಯರೇ. ಈ ತಿಂಗಳ ಪಾಠ ಆ ತೀರ್ಮಾನಗಳ ಬಗ್ಗೆ.

ಮೊದಲು ಪಹಣಿ ಕಥೆ. 25 ವರ್ಷದ ಹಿಂದೆ ಪಹಣಿ ಬೇಕಾದ್ರೆ ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಹೋಗಬೇಕಿತ್ತು. ಪುಸ್ತಕ ಅವರ ಹತ್ತಿರ, ಪೆನ್ನೂ ಅವರ ಹತ್ತಿರ. ಒಬ್ಬೊಬ್ಬರಿಗೆ ಹಲವಾರು ಹಳ್ಳಿ. ಸಿಕ್ಕರೆ ಅದೃಷ್ಟ, ಸಿಕ್ಕಿದ ಮೇಲೆ ಕೈ ಬೆಚ್ಚಗೆ ಮಾಡೋದು ಬೇರೆ. ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ 'ಭೂಮಿ' ಯೋಜನೆ ಬಂತು. ಮಂಡ್ಯ ಜಿಲ್ಲೆ ಮದ್ದೂರಿನಲ್ಲಿ ಪ್ರಯೋಗ ಮಾಡಿ, 2002ರ ಹೊತ್ತಿಗೆ ರಾಜ್ಯದ ಎಲ್ಲಾ ತಾಲ್ಲೂಕು ಕಚೇರಿಗಳಿಗೆ ತಂದರು. ಸುಮಾರು 2 ಕೋಟಿ ಪಹಣಿ, 67 ಲಕ್ಷ ಹಿಡುವಳಿದಾರರ ಹೆಸರು ಕಂಪ್ಯೂಟರಿಗೆ ಸೇರಿತು. 15 ರೂಪಾಯಿ ಕೊಟ್ಟರೆ ಕೌಂಟರಿನಲ್ಲೇ ಮುದ್ರಿತ ಪಹಣಿ. ಕೈಬರಹದ ಪಹಣಿಗೆ ಬೆಲೆ ಇಲ್ಲ ಎಂದು ಸರ್ಕಾರ ಆದೇಶ ಮಾಡಿತು. ಖಾತೆ ಬದಲಾವಣೆ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು, ಅಧಿಕಾರಿ ತನ್ನ ಬೆರಳಚ್ಚು ಕೊಟ್ಟೇ ಕಂಪ್ಯೂಟರ್ ತೆರೆಯಬೇಕು, ಆಮೇಲೆ "ನಾನು ಮಾಡಿಲ್ಲ" ಅನ್ನೋ ಹಾಗಿಲ್ಲ. ಈ ಸಾಫ್ಟ್‌ವೇರ್ ಮಾಡಿದ್ದು ಖಾಸಗಿ ಕಂಪನಿಯಲ್ಲ, ಕೇಂದ್ರ ಸರ್ಕಾರದ್ದೇ ಆದ ಎನ್.ಐ.ಸಿ. ಸಂಸ್ಥೆ. ಅಂದ ಹಾಗೆ, ಸ್ತ್ರೀಶಕ್ತಿ ಯೋಜನೆ ಶುರುವಾಗಿದ್ದೂ ಅದೇ ಸರ್ಕಾರದ ಕಾಲದಲ್ಲಿ, 2000-01ರಲ್ಲಿ. ನಮ್ಮಲ್ಲಿ ಎಷ್ಟೋ ಸಂಘಗಳಿಗೂ ಕಂಪ್ಯೂಟರ್ ಪಹಣಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು!

ಇದು ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಂಪ್ಯೂಟರ್ ಪುಸ್ತಕದಲ್ಲಿ ಇದ್ದದ್ದನ್ನೇ ನಕಲು ಮಾಡಿಕೊಂಡಿತು. ಪುಸ್ತಕದಲ್ಲಿ ಸತ್ತ ಅಜ್ಜನ ಹೆಸರಿತ್ತು, ಕಂಪ್ಯೂಟರಿನಲ್ಲೂ ಅಜ್ಜನೇ ಕೂತರು. ಪುಸ್ತಕದಲ್ಲಿ ಹೆಣ್ಣುಮಕ್ಕಳ ಹೆಸರು ಇರಲಿಲ್ಲ, ಕಂಪ್ಯೂಟರಿನಲ್ಲೂ ಬರಲಿಲ್ಲ. ಕರ್ನಾಟಕದಲ್ಲಿ ಹಿಂದೂ ಕುಟುಂಬದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ಕಾನೂನು 1994ರಲ್ಲೇ ಬಂದಿತ್ತು, ದೇಶಕ್ಕೆಲ್ಲಾ 2005ರಲ್ಲಿ ಬಂತು. ಕಾನೂನು ಒಂದು ಕಡೆ, ಪಹಣಿ ಇನ್ನೊಂದು ಕಡೆ. ನಡುವೆ ಅರ್ಜಿ ಹಾಕಬೇಕಾದ ನಾವು.

ಇನ್ನೂ ಒಂದು ವಿಷಯ ಇದೆ. 2007ರಲ್ಲಿ ಸೊಲೊಮನ್ ಬೆಂಜಮಿನ್ ಮತ್ತು ಅವರ ಸಂಗಡಿಗರು 'ಭೂಮಿ'ಯ ಮೇಲೆ ಒಂದು ಅಧ್ಯಯನ ಮಾಡಿದರು. ದಾಖಲೆಗಳೆಲ್ಲ ಒಂದೇ ಕಡೆ ಸಿಗುವಂತಾದಾಗ ಬೆಂಗಳೂರಿನ ಸುತ್ತಮುತ್ತ ಅದರ ಲಾಭ ಸಣ್ಣ ರೈತರಿಗಿಂತ ದೊಡ್ಡ ಕಂಪನಿಗಳಿಗೆ, ಭೂವ್ಯವಹಾರದವರಿಗೆ ಆಯಿತು ಎಂಬುದು ಅವರ ವಾದ. ಎಲ್ಲರೂ ಒಪ್ಪುತ್ತಾರೆ ಅಂತಲ್ಲ. ಆದರೂ ಯೋಚಿಸಿ ನೋಡಿ. ನಿಮ್ಮ ಹೊಲದ ಲೆಕ್ಕ ನಿಮಗೆ ಸುಲಭವಾಗಿ ಸಿಗುತ್ತದೆ ಅಂದ್ರೆ, ಅದನ್ನು ಕೊಳ್ಳೋಕೆ ಕಾಯುವವನಿಗೂ ಅಷ್ಟೇ ಸುಲಭ.

ಬೆಂಗಳೂರಿನ ಕಂಪನಿಗಳ ಮಾತು ಬಂದದ್ದರಿಂದ ಒಂದೆರಡು ಮಾತು. ಅವು ಬರೀ ಬುದ್ಧಿವಂತಿಕೆಯಿಂದ ಬೆಳೆದವು ಅಂತ ಪತ್ರಿಕೆಗಳಲ್ಲಿ ಓದ್ತೀವಿ. ಬುದ್ಧಿವಂತಿಕೆ ಇತ್ತು, ಸರ್ಕಾರದ ಕೈಯೂ ಇತ್ತು. ಎಲೆಕ್ಟ್ರಾನಿಕ್ ಸಿಟಿಯನ್ನು 1970ರ ದಶಕದಲ್ಲಿ ಕಟ್ಟಲು ಶುರು ಮಾಡಿದ್ದು ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ. ಆ ಜಾಗ ಮೊದಲು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳದ್ದು. 1997ರಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ಐ.ಟಿ. ನೀತಿ ತಂದಾಗ ಮುಖ್ಯಮಂತ್ರಿ ಆಗಿದ್ದವರು ನಮ್ಮ ಚನ್ನಗಿರಿ ತಾಲ್ಲೂಕು ಕಾರಿಗನೂರಿನ ಜೆ.ಎಚ್. ಪಟೇಲರು. ಅದೇ ವರ್ಷ ಅವರು ದಾವಣಗೆರೆ ಜಿಲ್ಲೆ ಮಾಡಿದ್ದು ನಮಗೆಲ್ಲ ನೆನಪಿದೆ, ಐ.ಟಿ. ನೀತಿ ನೆನಪಿಲ್ಲ. ಸಾಫ್ಟ್‌ವೇರ್ ರಫ್ತು ಮಾಡುವ ಕಂಪನಿಗಳ ಲಾಭದ ಮೇಲೆ 2011ರ ಮಾರ್ಚ್‌ವರೆಗೂ ಕೇಂದ್ರ ಸರ್ಕಾರ ಆದಾಯ ತೆರಿಗೆ ರಿಯಾಯಿತಿ ಕೊಟ್ಟಿತ್ತು. ತಪ್ಪು ಅಂತ ಹೇಳ್ತಿಲ್ಲ, ಲಕ್ಷಾಂತರ ಜನಕ್ಕೆ ಕೆಲಸ ಸಿಕ್ಕಿದೆ, ನಮ್ಮ ಮಕ್ಕಳೂ ಅಲ್ಲಿದ್ದಾರೆ. ಆದರೆ ಕಂಪನಿಗೆ ಕೊಟ್ಟರೆ 'ಪ್ರೋತ್ಸಾಹ', ನಮಗೆ ಕೊಟ್ಟರೆ 'ಬಿಟ್ಟಿ' ಅನ್ನೋರಿಗೆ ಈ ಲೆಕ್ಕ ಹೇಳಬೇಕು.

ಮತ್ತೆ ನಮ್ಮ ಊರಿಗೆ ಬರೋಣ. ಪಹಣಿಗೆ ಜಗಳೂರಿಗೇ ಯಾಕೆ ಹೋಗಬೇಕು, ಹೋಬಳಿಯಲ್ಲೇ ಸಿಗಲಿ ಎಂದು 2006ರ ಸುಮಾರಿಗೆ 'ನೆಮ್ಮದಿ' ಕೇಂದ್ರಗಳು ಬಂದವು. ರಾಜ್ಯದಲ್ಲಿ ಸುಮಾರು 800. ಇವನ್ನು ಸರ್ಕಾರ ತಾನೇ ನಡೆಸಲಿಲ್ಲ, ಖಾಸಗಿಯವರಿಗೆ ಕರಾರು ಮಾಡಿ ಕೊಟ್ಟಿತು. ಕೊಮ್ಯಾಟ್ ಟೆಕ್ನಾಲಜೀಸ್ ಎಂಬ ಕಂಪನಿ ಅದರಲ್ಲಿ ಮುಖ್ಯವಾದದ್ದು. ನಾವು ಕೊಡುವ ಫೀಸಿನಲ್ಲೇ ಅವರ ಖರ್ಚು, ಲಾಭ. ಕರಾರು ಮುಗಿದ ಮೇಲೆ ಸರ್ಕಾರ ಕೆಲಸವನ್ನು ನಾಡಕಚೇರಿಗೆ ತಂದು 2012ರಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರ ಎಂದು ಹೆಸರಿಟ್ಟಿತು. 2022ರ ಜನವರಿಯಲ್ಲಿ 'ಗ್ರಾಮ ಒನ್' ದೊಡ್ಡ ಪ್ರಮಾಣದಲ್ಲಿ ಶುರುವಾಯಿತು, ಅದನ್ನು ಮತ್ತೆ ಖಾಸಗಿ ವ್ಯಕ್ತಿಗಳೇ ನಡೆಸುತ್ತಾರೆ. ಒಂದು ಸಾರಿ ಸರ್ಕಾರದ ಕೈಗೆ, ಒಂದು ಸಾರಿ ಖಾಸಗಿ ಕೈಗೆ, ಹೀಗೆ ಪಹಣಿ ಓಡಾಡುತ್ತಲೇ ಇದೆ. ಸರ್ಕಾರ ಬದಲಾದಾಗ ಬೋರ್ಡೂ ಬದಲಾಗುತ್ತದೆ. ಕೌಂಟರಿನ ಈಚೆ ನಿಂತವರು ಮಾತ್ರ ನಾವೇ.

ಗೃಹಲಕ್ಷ್ಮಿಯಲ್ಲಿ ಏನಾಯ್ತು ನೆನಪಿದೆಯಾ? 2023ರ ಜುಲೈನಲ್ಲಿ ನೋಂದಣಿ, ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ. ಮನೆ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ. ನೋಂದಣಿ ಉಚಿತ ಎಂದು ಸರ್ಕಾರ ಸ್ಪಷ್ಟವಾಗಿ ಹೇಳಿತ್ತು. ಆದರೂ ಒಂದು ಕೇಂದ್ರದಲ್ಲಿ ನಮ್ಮ ಸದಸ್ಯೆಯೊಬ್ಬರ ಹತ್ತಿರ 100 ರೂಪಾಯಿ ತೆಗೆದುಕೊಂಡರು. ರಸೀದಿ ಕೇಳಿದ್ದಕ್ಕೆ "ಪ್ರಿಂಟರ್ ಕೆಟ್ಟಿದೆ" ಅಂದರಂತೆ. ಮತ್ತೊಬ್ಬರಿಗೆ ಹಣವೇ ಬರಲಿಲ್ಲ. ವಿಚಾರಿಸಿದರೆ, ಗಂಡ ತೆರಿಗೆ ಕಟ್ಟುವವರು ಎಂದು ಕಂಪ್ಯೂಟರ್ ತೋರಿಸುತ್ತದೆ. ಅವರಿಗಿರೋದು 2 ಎಕರೆ ಮೆಕ್ಕೆಜೋಳದ ಹೊಲ. ಹಿಂದೆ ಗಾಡಿ ಸಾಲಕ್ಕೆ ಯಾರೋ ಅವರ ಹೆಸರಿನಲ್ಲಿ ರಿಟರ್ನ್ ತುಂಬಿದ್ದರು. ಆದಾಯ ತೆರಿಗೆ ಕಟ್ಟುವವರಿಗೆ ಇಲ್ಲ ಎಂಬ ನಿಯಮ ಮಾಡಿದ್ದು ವಿಧಾನಸೌಧದಲ್ಲಿ. ಆ ನಿಯಮವನ್ನು ನಮ್ಮ ಸದಸ್ಯೆಗೆ ಹಚ್ಚಿದ್ದು ಒಂದು ಪಟ್ಟಿಯನ್ನು ಇನ್ನೊಂದು ಪಟ್ಟಿಗೆ ತಾಳೆ ಹಾಕಿದ ಯಂತ್ರ. ಆಕೆಯ ಮುಖ ನೋಡಿದವರು ಯಾರೂ ಇಲ್ಲ. ಆಡಿಟರ್ ಹತ್ತಿರ, ಕಚೇರಿಗೆ ಅಂತ ಆರೇಳು ಸಾರಿ ಓಡಾಡಿದರು. ಬಸ್ ಚಾರ್ಜು ಸಂಘದ ಸಾಲದಿಂದ.

ಹೆಬ್ಬೆಟ್ಟಿನದೂ ಇಂಥದ್ದೇ. ಆಧಾರ್ ನಡೆಸುವ ಪ್ರಾಧಿಕಾರ 2009ರಲ್ಲಿ ಆಯಿತು. ಅದರ ಮೊದಲ ಅಧ್ಯಕ್ಷರು ಇನ್ಫೋಸಿಸ್ ಕಂಪನಿಯ ನಂದನ್ ನಿಲೇಕಣಿ. 2014ರಲ್ಲಿ ಅವರು ಬೆಂಗಳೂರು ದಕ್ಷಿಣದಿಂದ ಚುನಾವಣೆಗೂ ನಿಂತು ಸೋತರು. ಕಂಪನಿ, ಸರ್ಕಾರ, ರಾಜಕೀಯ ಒಬ್ಬರಲ್ಲೇ ಹೇಗೆ ಸೇರುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಬೆರಳಚ್ಚು ತಾಳೆ ನೋಡುವ ಕೆಲಸವನ್ನು ಹೊರದೇಶದ ಕಂಪನಿಗಳಿಗೂ ಕೊಟ್ಟಿದ್ದರು. ಇದನ್ನು ಪ್ರಶ್ನಿಸಿದವರೂ ನಮ್ಮ ರಾಜ್ಯದವರೇ, ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು 2017ರಲ್ಲಿ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ, ಸರ್ಕಾರದ ಸವಲತ್ತಿಗೆ ಆಧಾರ್ ಕೇಳಬಹುದು, ಆದರೆ ಬೆರಳಚ್ಚು ಹೊಂದಲಿಲ್ಲ ಎಂಬ ಕಾರಣಕ್ಕೆ ಅರ್ಹರಿಗೆ ಸವಲತ್ತು ತಪ್ಪಬಾರದು ಎಂದಿತು ಕೋರ್ಟು. ಈರುಳ್ಳಿ ಕೊಯ್ದು, ಕಳೆ ಕಿತ್ತು ಬೆರಳಿನ ಗೆರೆ ಸವೆದವರು ಈ ಮಾತನ್ನು ನೆನಪಿಟ್ಟುಕೊಳ್ಳಿ. "ಹೆಬ್ಬೆಟ್ಟು ತಗೊಳ್ತಿಲ್ಲ, ಹೋಗಿ" ಅಂದರೆ ಬೇರೆ ದಾರಿ ಕೇಳುವ ಹಕ್ಕು ನಿಮಗಿದೆ.

ಕೇಳೋದು ಹೇಗೆ? ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಸಕಾಲ ಸ್ವೀಕೃತಿ ಪತ್ರ ತೆಗೆದುಕೊಳ್ಳದೆ ಬರಬೇಡಿ. ಸಕಾಲ ಕಾಯ್ದೆ 2011ರದ್ದು, 2012ರ ಏಪ್ರಿಲ್‌ನಿಂದ ಇಡೀ ರಾಜ್ಯಕ್ಕೆ ಬಂತು. ಆ ಪತ್ರದಲ್ಲಿ 15 ಅಂಕಿಯ ನಂಬರು, ಎಷ್ಟು ದಿನದಲ್ಲಿ ಕೆಲಸ ಆಗಬೇಕು ಎಂಬ ದಿನಾಂಕ ಇರುತ್ತದೆ. ದಿನ ಮೀರಿದರೆ ಮೇಲಧಿಕಾರಿಗೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವೂ ಇದೆ. ಪತ್ರ ಇಲ್ಲದಿದ್ದರೆ ನೀವು ಅರ್ಜಿ ಕೊಟ್ಟೇ ಇಲ್ಲ ಅಂತ ಲೆಕ್ಕ. ಯಾವ ಸೇವೆಗೆ ಎಷ್ಟು ಫೀಸು, ಕೇಂದ್ರ ನಡೆಸುವವರ ಜೊತೆ ಕರಾರು ಏನು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. ಒಬ್ಬಳೇ ಹೋದರೆ "ಸರ್ವರ್ ಇಲ್ಲಮ್ಮ" ಅಂತಾರೆ. ಐದು ಜನ ಹೋದರೆ ಸರ್ವರ್ ಬರುವುದನ್ನು ನಾವು ನೋಡಿದ್ದೇವೆ.

ಮುಂದಿನ ಸಭೆಗೆ ಪ್ರತಿಯೊಬ್ಬರೂ ಮನೆಯ ಒಂದು ಪಹಣಿ ತನ್ನಿ. ಹೊಲ ಇಲ್ಲದವರು ತವರಿನದ್ದು ತಂದರೂ ಆಯಿತು. 9ನೇ ಕಾಲಂನಲ್ಲಿ ಯಾರ ಹೆಸರಿದೆ? ಅವರು ಬದುಕಿದ್ದಾರಾ? 10ನೇ ಕಾಲಂನಲ್ಲಿ ಆ ಹಕ್ಕು ಹೇಗೆ ಬಂತು ಎಂದು ಬರೆದಿರುತ್ತದೆ, 11ರಲ್ಲಿ ಸಾಲ, ಋಣ. ನಿಮಗೆ ಗೊತ್ತಿಲ್ಲದ ಸಾಲ ಅಲ್ಲಿ ಕಂಡರೆ ಗಾಬರಿ ಬೇಡ, ತೀರಿದ ಸಾಲವನ್ನು ತೆಗೆಸದೇ ಬಿಟ್ಟಿರುವುದೂ ಉಂಟು. ಓದಲು ಬಾರದವರ ಪಕ್ಕ ಓದು ಬಲ್ಲವರು ಕೂರಲಿ. ಸತ್ತವರ ಹೆಸರಿನ ಪಹಣಿ ಎಷ್ಟು, ಹೆಂಗಸರ ಹೆಸರಿನದ್ದು ಎಷ್ಟು ಎಂದು ಸಂಘದ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಪೌತಿ ಖಾತೆ ಆಗಬೇಕಾದವರ ಪಟ್ಟಿಯನ್ನು ಅದೇ ದಿನ ಮಾಡಿ, ಗ್ರಾಮ ಆಡಳಿತ ಅಧಿಕಾರಿಯನ್ನು ಸಭೆಗೇ ಕರೆಯೋಣ. ಅವರು ಬರುವ ದಿನ ಗೊತ್ತಾದ ತಕ್ಷಣ ನಮ್ಮ ಕಾರ್ಯಕರ್ತೆ ನಿಮಗೆ ತಿಳಿಸುತ್ತಾರೆ.