ಅಜ್ಜನ ಚಾಕು ಜೇಬಿಗೆ ಸರಿ, ಜಾತ್ರೆಗೆ ಬೇಡ

ಗೌರಸಮುದ್ರದ ಯುವಕರೊಬ್ಬರಿಗೆ ಅಜ್ಜನ ಪೆಟ್ಟಿಗೆಯಲ್ಲಿ ಮಡಚುವ ಚಾಕು ಸಿಕ್ಕಿದೆ. ಕೆಂಪು ಹಿಡಿ, ಅಲಗಿನ ಬುಡದಲ್ಲಿ ‘ವೆಂಗರ್’ ಎಂಬ ಅಚ್ಚು. ಕೀಲು ಬಿಗಿದಿದೆ. ಸರಿಮಾಡಿ ಜೇಬಲ್ಲಿಟ್ಟು ಓಡಾಡಬಹುದೇ ಎಂದು ಕೇಳಿದ್ದಾರೆ.

ಇದು ಜೋಪಾನ ಮಾಡಬೇಕಾದ ವಸ್ತು. ಸ್ವಿಟ್ಜರ್ಲೆಂಡಿನ ವೆಂಗರ್ ಕಂಪನಿಯನ್ನು 2005ರಲ್ಲಿ ವಿಕ್ಟೋರಿನಾಕ್ಸ್ ಕೊಂಡಿತು. 2013ರಲ್ಲಿ ಆ ಹೆಸರಿನ ಚಾಕುಗಳಿಗೆ ತೆರೆಬಿತ್ತು. ಹಾಗಾಗಿ ಆ ಅಚ್ಚೇ ಅದರ ಜಾತಕ. ಚಕ್ರದ ಸಾಣೆಗೆ ಕೊಟ್ಟರೆ ಅಲಗು ಸವೆದು, ಅಚ್ಚೂ ಅಳಿಸೀತು. ಬೆಚ್ಚಗಿನ ಸೋಪುನೀರು, ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಕೀಲಿನ ಕೊಳೆ ಕಪ್ಪಗೆ ಇಳಿದುಬರುತ್ತದೆ. ಚೆನ್ನಾಗಿ ಒಣಗಿಸಿ, ಹೊಲಿಗೆಯಂತ್ರದ ಎಣ್ಣೆ ಒಂದೇ ಹನಿ ಬಿಟ್ಟು ಹತ್ತಾರು ಸಲ ಮಡಚಿ ಬಿಚ್ಚಬೇಕು. ಬಾಯಿ ಮೊಂಡಾಗಿದ್ದರೆ ನುಣುಪಾದ ಸಾಣೆಕಲ್ಲಿನ ಮೇಲೆ ಕೈಯಿಂದಲೇ ಮಸೆಯುವುದು ಒಳ್ಳೆಯದು.

ಮುಂದೆ ಸಂಗ್ರಹ ಬೆಳೆಸಿದರೆ, ಹಳೆಯ ಇಂಗಾಲದ ಉಕ್ಕಿನ ಅಲಗುಗಳ ಬೂದುಬಣ್ಣವನ್ನು ತುಕ್ಕೆಂದು ಉಜ್ಜಬಾರದು. ಕೆಂಪು ತುಕ್ಕು ಮಾತ್ರ ಶತ್ರು.

ಕಾನೂನಿನ ಮಾತು: 2016ರ ಶಸ್ತ್ರಾಸ್ತ್ರ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಆಯುಧಗಳ ಪಟ್ಟಿಯಲ್ಲಿಡುತ್ತವೆ; ಮನೆ, ಹೊಲದ ಬಳಕೆಯವಕ್ಕೆ ವಿನಾಯಿತಿಯಿದೆ. ಈ ಪುಟ್ಟ ಚಾಕು ಆ ಅಳತೆಗಿಂತ ಬಹಳ ಚಿಕ್ಕದು. ಹೊಲಕ್ಕೆ ಹೋಗುವಾಗ ಜೇಬಲ್ಲಿರಲಿ. ವಿಮಾನದಲ್ಲಿ ಕೈಚೀಲಕ್ಕೆ ಹಾಕುವಂತಿಲ್ಲ. ಮಾರಮ್ಮನ ಜಾತ್ರೆಯ ನೂಕುನುಗ್ಗಲಿಗೆ ಹೋಗುವ ದಿನ ದಯವಿಟ್ಟು ಅದನ್ನು ಮನೆಯಲ್ಲೇ ಇಟ್ಟು ಹೋಗಲಿ.