ವಾಹನ ತೊಳೆದ ನೀರಿನಲ್ಲಿ ಅಡಗಿರುವ ಲೋಹ

ಭೀಮಾ ತೀರದ ದೇವಣಗಾಂವದ ಸೇತುವೆಯು ವಿಜಯಪುರ ಜಿಲ್ಲೆಯನ್ನು ಕಲಬುರಗಿ ಜಿಲ್ಲೆಯೊಡನೆ ಕೂಡಿಸುತ್ತದೆ. ಲಾರಿ, ಟ್ರ್ಯಾಕ್ಟರುಗಳನ್ನು ನೀರಿನ ಅಂಚಿಗೆ ಇಳಿಸಿ ತೊಳೆಯುವುದು ಇಂತಹ ನದೀತೀರಗಳಲ್ಲಿ ನಮಗೆಲ್ಲ ಪರಿಚಿತವಾದ ನೋಟ. ಕೆಸರು ಹರಿದುಹೋಯಿತೆಂದು ನಾವು ಸಮಾಧಾನಪಡುತ್ತೇವೆ. ಆದರೆ ಕೆಸರಿನೊಡನೆ ಹೋದುದು ಇನ್ನೇನು?

ಟೈರಿನ ರಬ್ಬರನ್ನು ಹದಗೊಳಿಸುವಾಗ ಸತುವಿನ ಆಕ್ಸೈಡನ್ನು ಬೆರೆಸುತ್ತಾರೆ. ಅದರ ತೂಕದಲ್ಲಿ ನೂರಕ್ಕೆ ಸುಮಾರು 1 ಪಾಲು ಸತುವೇ. ಬ್ರೇಕಿನ ಪಟ್ಟಿಗಳು ಸವೆದಾಗ ತಾಮ್ರದ ಪುಡಿ ಉದುರುತ್ತದೆ. ಪೆಟ್ರೋಲಿಗೆ ಸೀಸವನ್ನು ಬೆರೆಸುವುದು ನಮ್ಮ ದೇಶದಲ್ಲಿ 2000ದಲ್ಲಿ ನಿಂತರೂ ಬ್ಯಾಟರಿಗಳಲ್ಲಿ ಸೀಸ ಇಂದಿಗೂ ಉಂಟು. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಲೀಟರಿಗೆ 0.01 ಮಿಲಿಗ್ರಾಮಿಗಿಂತ ಹೆಚ್ಚು ಸೀಸ ಇರಕೂಡದು. ಲೆಕ್ಕ ಹಾಕಿ ನೋಡೋಣ: ಕೇವಲ 1 ಗ್ರಾಂ ಸೀಸವು 1,00,000 ಲೀಟರ್ ನೀರನ್ನು ಈ ಮಿತಿಗೆ ತಂದು ನಿಲ್ಲಿಸಬಲ್ಲದು!

ಸಗಣಿ, ಎಲೆಗಳು ನೀರಿಗೆ ಬಿದ್ದರೆ ಸೂಕ್ಷ್ಮಜೀವಿಗಳು ಅವನ್ನು ತಿಂದು ಅರಗಿಸುತ್ತವೆ. ಸೀಸವಾದರೋ ಮೂಲಧಾತು, ಅದನ್ನು ಯಾವ ಜೀವಿಯೂ ಒಡೆಯಲಾರದು. ಆದುದರಿಂದ ಲೋಹವನ್ನು ನಾಶಮಾಡುವ ಮಾತು ಇಲ್ಲಿಲ್ಲ. ಹಿಡಿದು ಒಂದೆಡೆ ನಿಲ್ಲಿಸಬೇಕು, ಅಷ್ಟೆ. ಪ್ರಕೃತಿಯಲ್ಲಿ ಇದಕ್ಕೆ ಮೂರು ಉಪಾಯಗಳಿವೆ.

ಮೊದಲನೆಯದು ಗುರುತ್ವಾಕರ್ಷಣೆ. ಲೋಹದ ಬಹುಭಾಗ ಮಣ್ಣಿನ ಕಣಗಳಿಗೆ ಅಂಟಿಕೊಂಡಿರುತ್ತದೆ. ಸ್ಟೋಕ್ಸ್ ಎಂಬ ವಿಜ್ಞಾನಿಯ ನಿಯಮದಂತೆ, ಸಣ್ಣ ಕಣ ನೀರಿನಲ್ಲಿ ಇಳಿಯುವ ವೇಗವು ಅದರ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ. 0.01 ಮಿಲಿಮೀಟರ್ ವ್ಯಾಸದ ಮಣ್ಣಿನ ಕಣವು ನಿಂತ ನೀರಿನಲ್ಲಿ 1 ಮೀಟರ್ ಇಳಿಯಲು ಸುಮಾರು 3 ಗಂಟೆ ಸಾಕು. ಅದರ ಹತ್ತನೆಯ ಒಂದು ಪಾಲಿನ ಕಣಕ್ಕೆ ಸುಮಾರು 13 ದಿನ ಬೇಕು! ನಿಲ್ಲಿಸುವುದೊಂದರಿಂದಲೇ ಕೆಲಸ ಮುಗಿಯದೆಂಬುದು ಇದರಿಂದ ಸ್ಪಷ್ಟ.

ಎರಡನೆಯದು ನಮ್ಮ ಕಾಲಕೆಳಗಿನ ಎರೆಮಣ್ಣು. ಅದರ ಜೇಡಿಯ ಪದರಗಳ ಮೇಲೆ ಋಣ ವಿದ್ಯುದಂಶವಿದೆ. ಕರಗಿದ ಲೋಹದ ಅಯಾನುಗಳಲ್ಲಿ ಧನ ವಿದ್ಯುದಂಶವಿದೆ. ವಿಜಾತೀಯ ವಿದ್ಯುದಂಶಗಳು ಪರಸ್ಪರ ಆಕರ್ಷಿಸುವುದರಿಂದ ಲೋಹ ಮಣ್ಣಿಗೆ ಅಂಟುತ್ತದೆ. ಇದನ್ನು ಪ್ರಯೋಗಶಾಲೆಯಲ್ಲಿ ಅಧ್ಯಾಪಕರ ಎದುರಿನಲ್ಲಿ ನೋಡಬಹುದು. ಒಂದು ಲೋಟ ನೀರಿನಲ್ಲಿ ಚಿಟಿಕೆ ಮೈಲುತುತ್ತವನ್ನು ಕರಗಿಸಿ, ಹಿಡಿ ಎರೆಮಣ್ಣನ್ನು ಹಾಕಿ ಚೆನ್ನಾಗಿ ಕಲಕಿ, ತಿಳಿಯಾಗುವವರೆಗೆ ಬಿಡಿ. ಮೇಲಿನ ನೀರಿನ ನೀಲಿ ಬಣ್ಣ ಮಾಸಿರುತ್ತದೆ. ತಾಮ್ರ ಎಲ್ಲಿಗೆ ಹೋಯಿತು? ಮಣ್ಣಿಗೆ. ಎರೆಮಣ್ಣಿನಲ್ಲಿರುವ ಸುಣ್ಣದ ಅಂಶವೂ ಈ ಕೆಲಸಕ್ಕೆ ನೆರವಾಗುತ್ತದೆ.

ಮೂರನೆಯದು ಜೊಂಡು ಬೆಳೆದ ಜೌಗು. ಜರ್ಮನಿಯ ಕೇಟೆ ಸೈಡೆಲ್ ಎಂಬ ವಿಜ್ಞಾನಿ 1950ರ ದಶಕದಲ್ಲಿಯೇ ಇಂತಹ ಗಿಡಗಳಿಂದ ಕೊಳೆನೀರನ್ನು ಶುದ್ಧಗೊಳಿಸುವ ಪ್ರಯೋಗಗಳನ್ನು ನಡೆಸಿದರು. ಬೆಂಗಳೂರಿನ ಜಕ್ಕೂರು ಕೆರೆಗೆ ಹೋಗುವ ಸಂಸ್ಕರಿಸಿದ ಚರಂಡಿ ನೀರೂ ಮೊದಲು ಜೌಗನ್ನು ಹಾಯುತ್ತದೆ. ಜೌಗಿನ ತಳದಲ್ಲಿ ಆಮ್ಲಜನಕವಿರುವುದಿಲ್ಲ. ಅಲ್ಲಿನ ಸೂಕ್ಷ್ಮಜೀವಿಗಳು ಕೊಳೆತ ಮೊಟ್ಟೆಯ ವಾಸನೆಯ ಜಲಜನಕದ ಸಲ್ಫೈಡನ್ನು ಬಿಡುಗಡೆ ಮಾಡುತ್ತವೆ. ಅದರೊಡನೆ ಸತು, ಸೀಸ, ತಾಮ್ರಗಳು ಸೇರಿ ಕರಗದ ಸಲ್ಫೈಡುಗಳಾಗಿ ಕೆಸರಿನಲ್ಲಿ ಉಳಿಯುತ್ತವೆ. ಗಿಡಗಳು ಹೀರುವ ಪಾಲು ಸ್ವಲ್ಪವೇ. ಹೆಚ್ಚಿನದನ್ನು ಹಿಡಿಯುವುದು ಈ ಕೆಸರು.

ಹಾಗಾದರೆ ಏರ್ಪಾಡು ಹೇಗಿರಬೇಕು? ತೊಳೆಯುವ ಜಾಗ ನದಿಯಿಂದ ದೂರವಿರಲಿ. ನೀರು ಮೊದಲು ಎಣ್ಣೆ ತೇಲಿ ನಿಲ್ಲುವ ತೊಟ್ಟಿಗೆ, ಅಲ್ಲಿಂದ ಕೆಸರು ಇಳಿಯುವ ಹೊಂಡಕ್ಕೆ, ಕೊನೆಗೆ ಜೊಂಡಿನ ಮಡಿಗೆ ಹರಿಯಲಿ. ಎರೆಮಣ್ಣು ನೆನೆದರೆ ಉಬ್ಬಿ ನೀರಿನ ದಾರಿಯನ್ನು ಮುಚ್ಚುವುದರಿಂದ, ಮಡಿಯ ತಳಕ್ಕೆ ಅದನ್ನು ಬಡಿದು, ಮೇಲೆ ಮರಳು ಮತ್ತು ಜಲ್ಲಿಯನ್ನು ಹರವಬೇಕು.

ಒಂದು ಮಾತನ್ನು ಮರೆಯಬಾರದು. ಹಿಡಿದ ಲೋಹ ಮಡಿಯಲ್ಲಿಯೇ ಇದೆ. ಆ ಜೊಂಡನ್ನು ದನಗಳಿಗೆ ಹಾಕಕೂಡದು; ಹೊಂಡದ ಹೂಳನ್ನು ಗೊಬ್ಬರವೆಂದು ಹೊಲಕ್ಕೆ ಚೆಲ್ಲಕೂಡದು; ಅಪಾಯಕಾರಿ ತ್ಯಾಜ್ಯವೆಂದು ಬೇರೆಯಾಗಿಯೇ ವಿಲೇವಾರಿ ಮಾಡಬೇಕು. ಇಲ್ಲವಾದರೆ ನದಿಯಿಂದ ತಪ್ಪಿಸಿದ ಸೀಸವನ್ನು ನಾವೇ ಕೈಯಾರೆ ಹಾಲಿಗೂ ಜೋಳಕ್ಕೂ ಸೇರಿಸಿದಂತಾಗುತ್ತದೆ.